ಕೊನೆಯ ಓವರ್ ಮುಗಿದ ಮೇಲೆ

2024ರ ಏಪ್ರಿಲ್ 25, ಗುರುವಾರ. ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣದಲ್ಲಿ ಸಂಜೆ ಏಳೂವರೆಗೆ ಸನ್‌ರೈಸರ್ಸ್ ಮತ್ತು ಆರ್‌ಸಿಬಿ ಪಂದ್ಯ. ತುಮಕೂರಿನ ಒಬ್ಬ ಹುಡುಗ, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಮಧ್ಯಾಹ್ನ ಮೂರಕ್ಕೇ ಲ್ಯಾಪ್‌ಟಾಪ್ ಮುಚ್ಚಿ, ಆಫೀಸಿನ ಬಾತ್‌ರೂಮಿನಲ್ಲಿ ಕೆಂಪು ಜೆರ್ಸಿ ಹಾಕಿಕೊಂಡು, ರಾಯದುರ್ಗಂನಲ್ಲಿ ಮೆಟ್ರೋ ಹತ್ತುತ್ತಾನೆ. ಊರಿನ ಈ ತುದಿಯಿಂದ ಆ ತುದಿಗೆ ಹೋಗುವ ನೀಲಿ ಮಾರ್ಗ. ಅಮೀರ್‌ಪೇಟೆ ಬರುವಷ್ಟರಲ್ಲಿ ಬೋಗಿಯ ತುಂಬ ಕಿತ್ತಳೆ ಬಣ್ಣ, ನಡುನಡುವೆ ಅಲ್ಲಲ್ಲಿ ಕೆಂಪು. ಆಗ ಫೋನು ಬರುತ್ತದೆ. ಅವಳು ಕಲಬುರಗಿಯವಳು, ಕೊಂಡಾಪುರದ ಪಿಜಿಯಲ್ಲಿರುವವಳು, ಒಂದೂವರೆ ವರ್ಷದಿಂದ ಅವನ ಜೊತೆ ಓಡಾಡುತ್ತಿರುವವಳು.

"ಇವತ್ತ ಸ್ವಲ್ಪ ಮಾತಾಡೋದಿತ್ತು."

"ಇವತ್ತಾ? ಇವತ್ತು ಉಪ್ಪಲ್‌ನಲ್ಲಿ ಮ್ಯಾಚು ಕಣೇ. ನಾಳೆ ಪಕ್ಕಾ."

ಆ ದಿನ ಬೆಳಿಗ್ಗೆ ಅವಳಿಗೆ ಪುಣೆಯಲ್ಲಿ ಇನ್ನೂ ಒಳ್ಳೆಯ ಕೆಲಸದ ಪತ್ರ ಬಂದಿತ್ತು. ಶನಿವಾರದೊಳಗೆ ಉತ್ತರ ಕೊಡಬೇಕಿತ್ತು. ಅವನಿಗೆ ಅದು ಗೊತ್ತಿರಲಿಲ್ಲ, ಏಕೆಂದರೆ ಅವನು ಕೇಳಲಿಲ್ಲ. ಆರು ಪಂದ್ಯ ಸತತವಾಗಿ ಸೋತಿದ್ದ ಆರ್‌ಸಿಬಿ ಅಂದು 206 ರನ್ ಹೊಡೆದು 35 ರನ್ನಿಂದ ಗೆದ್ದಿತು. ನಡುರಾತ್ರಿ ಸ್ಟೇಡಿಯಂ ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಅವನು ಫೋನು ಮಾಡಿದ. ರಜತ್ ಪಾಟೀದಾರ್ 20 ಎಸೆತಕ್ಕೆ 50 ಹೊಡೆದ ಕಥೆಯನ್ನು ಇಪ್ಪತ್ತು ನಿಮಿಷ ಹೇಳಿದ. ಅವಳು "ಛಲೋ ಆತು" ಅಂದು ಫೋನಿಟ್ಟಳು.

ಈ ಜೋಡಿ ಕಲ್ಪಿತ. ಜಗಳ ಕಲ್ಪಿತವಲ್ಲ. ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂಥ ಫೋನು ಕರೆ ನಡೆಯದ ರಾತ್ರಿ ಇರಲಾರದು. ಕ್ರಿಕೆಟ್ ಹುಚ್ಚು ಇರುವವರ ಜೊತೆ ಪ್ರೀತಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಸಿಗುವ ಸಲಹೆಗಳೆಲ್ಲ ಹೆಚ್ಚುಕಡಿಮೆ ತಮಾಷೆಯವು: ಆಟ ಕಲಿತುಕೋ, ಜೆರ್ಸಿ ಕೊಡಿಸು, ಪಂದ್ಯದ ದಿನ ಮಾತಾಡಿಸಬೇಡ. ತಮಾಷೆ ಬದಿಗಿಟ್ಟು ನೋಡಿದರೆ ಈ ಪ್ರಶ್ನೆಯೊಳಗೆ ಮದುವೆಯಾಗಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದಷ್ಟು ಮಾಹಿತಿ ಅಡಗಿದೆ. ಅದನ್ನು ಓದಲು ಬರಬೇಕು, ಅಷ್ಟೆ.

ಮೊದಲು ಅವನ ಕಡೆಯ ಮಾತು. ಹೈದರಾಬಾದಿನಲ್ಲಿ ಆರ್‌ಸಿಬಿ ಅಭಿಮಾನಿಯಾಗಿ ಬದುಕುವುದು ಸುಲಭವಲ್ಲ. ಈ ಊರಿಗೆ ಐಪಿಎಲ್ ಕಪ್ಪು ಎರಡು ಸಲ ಬಂದಿದೆ, ಎರಡೂ ಸಲ ಬೆಂಗಳೂರಿನ ಕೈಯಿಂದಲೇ ಕಿತ್ತುಕೊಂಡು ಬಂದಿದೆ. 2009ರ ಮೇ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಆರು ರನ್ನಿಂದ ಗೆದ್ದಿತು. ಅನಿಲ್ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದು, ಸೋತ ತಂಡದ ನಾಯಕನಾಗಿದ್ದೂ ಪಂದ್ಯಶ್ರೇಷ್ಠ ಎನಿಸಿಕೊಂಡರು. 2016ರ ಮೇ 29ರಂದು ಚಿನ್ನಸ್ವಾಮಿಯಲ್ಲೇ, ಸ್ವಂತ ಮನೆಯ ಅಂಗಳದಲ್ಲೇ, ಸನ್‌ರೈಸರ್ಸ್ ಎಂಟು ರನ್ನಿಂದ ಗೆದ್ದಿತು. 209ರ ಗುರಿ ಬೆನ್ನಟ್ಟಿದ ಬೆಂಗಳೂರು ಮೊದಲ ವಿಕೆಟ್ಟಿಗೇ 114 ಸೇರಿಸಿತ್ತು. ಆ ವರ್ಷ ಕೊಹ್ಲಿ ಒಬ್ಬರೇ 973 ರನ್ ಹೊಡೆದಿದ್ದರು. ಸಾಲಲಿಲ್ಲ. ಇದೂ ಸಾಲದೆಂಬಂತೆ 2024ರ ಏಪ್ರಿಲ್ 15ರಂದು ಹೈದರಾಬಾದಿನವರು ಬೆಂಗಳೂರಿಗೇ ಬಂದು ಮೂರು ವಿಕೆಟ್ಟಿಗೆ 287 ಹೊಡೆದು ಹೋದರು. ಹತ್ತು ದಿನದ ಮೇಲೆ ಉಪ್ಪಲ್‌ನಲ್ಲಿ ಗೆದ್ದದ್ದು ಹುಡುಗನಿಗೆ ಬರೀ ಎರಡು ಪಾಯಿಂಟಿನ ಮಾತಾಗಿರಲಿಲ್ಲ. ಮರುದಿನ ಆಫೀಸಿನಲ್ಲಿ ತಲೆ ಎತ್ತಿ ಓಡಾಡುವ ಮಾತಾಗಿತ್ತು.

ಇನ್ನೂ ಒಂದು ಮಾತಿದೆ. ಕಲಬುರಗಿ, ಬೀದರ್, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದನ್ನೇ ರಾಜಧಾನಿ ಮಾಡಿಕೊಂಡಿದ್ದ ಜಿಲ್ಲೆಗಳು. ಆ ಕಡೆಯವರಿಗೆ ಇದು ಪರವೂರಲ್ಲ. ಅಜ್ಜನ ಕಾಲದಲ್ಲಿ ಕೋರ್ಟು, ಕಾಲೇಜು, ಕಾಗದಪತ್ರ ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. ಕಾಚಿಗುಡದಲ್ಲಿ ಇಂದಿಗೂ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ಹುಡುಗಿಗೆ ಇಲ್ಲಿನ ದಖ್ಖನಿಯೂ ಗೊತ್ತು, ತೆಲುಗೂ ಅಷ್ಟಿಷ್ಟು ಗೊತ್ತು. ಇರಾನಿ ಚಹಾದಲ್ಲಿ ಉಸ್ಮಾನಿಯಾ ಬಿಸ್ಕತ್ತನ್ನು ಎಷ್ಟು ಹೊತ್ತು ಅದ್ದಿದರೆ ಮುರಿಯುವುದಿಲ್ಲ ಎಂಬುದೂ ಗೊತ್ತು. ತುಮಕೂರಿನ ಹುಡುಗನಿಗೆ ಹಾಗಲ್ಲ. ಅವನು ಇಲ್ಲಿ ಹೊರಗಿನವನು. ವಾರವಿಡೀ ಇಂಗ್ಲಿಷು, ಹಿಂದಿ, ರಸ್ತೆಯಲ್ಲಿ ತೆಲುಗು. ಉಪ್ಪಲ್‌ನ ಗ್ಯಾಲರಿಯಲ್ಲಿ ಹಿಂದಿನ ಸಾಲಿನಿಂದ ಯಾರೋ ಗುರುತಿಲ್ಲದವನು "ಹೊಡಿ ಮಗಾ" ಎಂದು ಕೂಗಿದಾಗ ಅವನ ಮೈ ಜುಮ್ಮೆನ್ನುವುದು ಕ್ರಿಕೆಟ್ಟಿಗಲ್ಲ, ಕನ್ನಡಕ್ಕೆ. ನಾಲ್ಕು ಗಂಟೆಯ ಮಟ್ಟಿಗೆ ಅವನು ಊರಿನಲ್ಲಿರುತ್ತಾನೆ.

ಆದ್ದರಿಂದ ಅಭಿಮಾನಿಯನ್ನು ಪ್ರೀತಿಸುವವರು ಮೊದಲು ಮಾಡಬೇಕಾದ ಕೆಲಸ ಎಲ್‌ಬಿಡಬ್ಲ್ಯೂ ನಿಯಮ ಕಲಿಯುವುದಲ್ಲ. ಈ ಹುಚ್ಚಿನ ಬೇರು ಎಲ್ಲಿದೆ ಎಂದು ಕೇಳಿ ತಿಳಿಯುವುದು. ಒಬ್ಬನಿಗೆ ಅದು ಊರು. ಇನ್ನೊಬ್ಬನಿಗೆ ಅಪ್ಪ: ರೇಡಿಯೋ ಕಿವಿಗಿಟ್ಟುಕೊಂಡು ಕಾಮೆಂಟರಿ ಕೇಳುತ್ತಿದ್ದ, ಮಗನ ಜೊತೆ ಬೇರೆ ಯಾವುದನ್ನೂ ಮಾತಾಡದಿದ್ದ ಅಪ್ಪ. ಮತ್ತೊಬ್ಬನಿಗೆ ಅದು ಹಾಸ್ಟೆಲಿನ ಗೆಳೆಯರ ಜೊತೆ ಉಳಿದಿರುವ ಒಂದೇ ಒಂದು ಕೊಂಡಿ. ಮಗದೊಬ್ಬನಿಗೆ ಬರೀ ಅಭ್ಯಾಸ, ಬೇಸರ ಕಳೆಯುವ ದಾರಿ, ಮಾತು ತಪ್ಪಿಸಿಕೊಳ್ಳುವ ದಾರಿ. ಮೊದಲ ಮೂವರ ಜೊತೆ ಬಾಳಬಹುದು. ನಾಲ್ಕನೆಯವನ ಸಮಸ್ಯೆ ಆಟದ್ದಲ್ಲ. ಕ್ರಿಕೆಟ್ ಇಲ್ಲದಿದ್ದರೆ ಅವನು ಫೋನಿನಲ್ಲಿ ಬೇರೇನನ್ನಾದರೂ ನೋಡುತ್ತಿದ್ದ.

ಇನ್ನು ಅಭಿಮಾನಿಗಳು ತಮ್ಮ ಪರವಾಗಿ ಹೇಳಿಕೊಳ್ಳುವ ಒಂದು ವಾದವಿದೆ, ಅದನ್ನು ತುಸು ನಿಧಾನವಾಗಿ ನೋಡಬೇಕು. "ಹದಿನೆಂಟು ವರ್ಷ ಕಪ್ಪಿಲ್ಲದ ತಂಡವನ್ನು ಬಿಡದವನು ನಿನ್ನನ್ನು ಬಿಡುತ್ತಾನಾ?" ಕೇಳಲು ಚೆನ್ನಾಗಿದೆ. ಆರ್‌ಸಿಬಿ ಮಂದಿಗೆ ಇದನ್ನು ಹೇಳುವ ಹಕ್ಕೂ ಇದೆ. 2008ರ ಏಪ್ರಿಲ್ 18ರ ಮೊಟ್ಟಮೊದಲ ಐಪಿಎಲ್ ಪಂದ್ಯದಲ್ಲೇ 82ಕ್ಕೆ ಆಲೌಟ್ ಆದ ತಂಡವದು. 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಮುಗಿದ ತಂಡವದು. ಆದರೂ ಪ್ರತಿ ವರ್ಷ "ಈ ಸಲ ಕಪ್ ನಮ್ದೆ" ಅಂದವರು ಅವರು.

ಆದರೂ ವಾದ ತಪ್ಪು. ತಂಡಕ್ಕೆ ನಿಷ್ಠೆಯಿಂದಿರುವುದು ಅತ್ಯಂತ ಸುಲಭದ ನಿಷ್ಠೆ. ತಂಡ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಜ್ವರ ಬಂದಿದೆ, ಗಂಜಿ ಮಾಡಿಕೊಡು ಅನ್ನುವುದಿಲ್ಲ. ಮೊನ್ನೆ ನಿಮ್ಮ ಅಮ್ಮ ಆಡಿದ ಮಾತು ನೋವಾಯಿತು ಅನ್ನುವುದಿಲ್ಲ. ನೀನು ಬದಲಾಗಬೇಕು ಅನ್ನುವುದೇ ಇಲ್ಲ. ಅಭಿಮಾನಿ ಇದ್ದ ಹಾಗೆಯೇ ಇದ್ದುಕೊಂಡು, ಸೋಫಾದಿಂದ ಮೇಲೇಳದೆ, ಇಡೀ ಜೀವಮಾನ ತಂಡಕ್ಕೆ ನಿಷ್ಠನಾಗಿರಬಹುದು. ಮನುಷ್ಯರ ಜೊತೆ ಹಾಗೆ ಆಗುವುದಿಲ್ಲ. ಹದಿನೆಂಟು ವರ್ಷ ಕಾದದ್ದು ಅವನ ತಾಳ್ಮೆಗೆ ಸಾಕ್ಷಿ ಇರಬಹುದು. ಕೊಂಡಾಪುರದ ಫೋನು ಕರೆಯನ್ನು ಎತ್ತಿ "ಏನಾಯ್ತು ಹೇಳು" ಅನ್ನುತ್ತಾನೆ ಎಂಬುದಕ್ಕೆ ಸಾಕ್ಷಿಯಲ್ಲ.

ತಂಡದ ಜೊತೆಗಿನ ನಂಟು ಎಷ್ಟು ಗಟ್ಟಿ ಎಂಬುದೂ ನಾವು ಅಂದುಕೊಂಡಷ್ಟು ಸರಳವಲ್ಲ. 1976ರಲ್ಲಿ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಸಿದ ಅಧ್ಯಯನವೊಂದು ಹೆಸರುವಾಸಿ. ಶನಿವಾರ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವ ವಿದ್ಯಾರ್ಥಿಗಳು ಹೆಚ್ಚು. ಪಂದ್ಯದ ಬಗ್ಗೆ ಕೇಳಿದರೆ ಗೆದ್ದಾಗ "ನಾವು ಗೆದ್ದೆವು" ಎನ್ನುವುದು ಹೆಚ್ಚು, ಸೋತಾಗ "ಅವರು ಸೋತರು". ಗೆಲುವನ್ನು ಮೈಗೆ ಹಚ್ಚಿಕೊಳ್ಳುವುದು, ಸೋಲನ್ನು ದೂರ ಇಡುವುದು ಮನುಷ್ಯ ಸ್ವಭಾವ. ಪ್ರೀತಿಸುವವನಲ್ಲಿ ಈ ಸ್ವಭಾವ ಎಷ್ಟಿದೆ ಎಂದು ನೋಡಲು ಪಂದ್ಯ ಒಳ್ಳೆಯ ಕನ್ನಡಿ. "ನಾವು" ಎಂಬ ಮಾತನ್ನು ಅವನು ಯಾವಾಗ ಬಳಸುತ್ತಾನೆ, ಯಾವಾಗ ನುಂಗುತ್ತಾನೆ? ಸಂಬಂಧ ಚೆನ್ನಾಗಿದ್ದಾಗ "ನಾವು", ಮನೆಯವರ ಮುಂದೆ ಉತ್ತರ ಹೇಳಬೇಕಾದಾಗ "ಅವಳು" ಅನ್ನುವವನಾದರೆ ಅದೇ ಸಾಕಷ್ಟು ಸುದ್ದಿ.

ಈ ವಿಷಯದಲ್ಲಿ ಹೈದರಾಬಾದಿನ ಸ್ಥಳೀಯ ಅಭಿಮಾನಿಗೆ ಬೆಂಗಳೂರಿನವನಿಗಿಲ್ಲದ ಒಂದು ಅನುಭವವಿದೆ. ಅವನು ಪ್ರೀತಿಸಿದ ತಂಡವೇ ಇಲ್ಲವಾಯಿತು. 2009ರಲ್ಲಿ ಕಪ್ಪು ಗೆದ್ದ ಡೆಕ್ಕನ್ ಚಾರ್ಜರ್ಸ್ ಮೂರೇ ವರ್ಷದಲ್ಲಿ, 2012ರಲ್ಲಿ, ಹಣದ ತಾಪತ್ರಯದಲ್ಲಿ ಸಿಕ್ಕಿ ಲೀಗಿನಿಂದ ಹೊರಬಿತ್ತು. 2013ರಲ್ಲಿ ಬೇರೆ ಮಾಲೀಕರು, ಬೇರೆ ಹೆಸರು, ಬೇರೆ ಬಣ್ಣ. ಆ ಊರಿನವರು ಸ್ವಲ್ಪ ದಿನ ಸುಮ್ಮನಿದ್ದು, ಮತ್ತೆ ಉಪ್ಪಲ್‌ಗೆ ಬಂದು ಕೂತರು. ಇದನ್ನು ಯಾರೂ ಚಂಚಲತೆ ಎಂದು ಕರೆಯಲಿಲ್ಲ. ಮೊದಲ ಪ್ರೀತಿ ಮುರಿದ ಮೇಲೆ ಇನ್ನೊಮ್ಮೆ ಮನಸ್ಸು ತೆರೆಯುವುದಕ್ಕೂ ಗಟ್ಟಿತನ ಬೇಕು. ಬಿಡದೆ ಹಿಡಿದುಕೊಂಡಿರುವುದೊಂದೇ ಪ್ರೀತಿಯ ಅಳತೆಗೋಲಲ್ಲ.

ಹಾಗಾದರೆ ಅಳತೆಗೋಲು ಯಾವುದು? ಸೋತ ರಾತ್ರಿ. ಗೆದ್ದ ರಾತ್ರಿ ಎಲ್ಲರೂ ಒಳ್ಳೆಯವರೇ. ಸೋತ ಮೇಲಿನ ಎರಡು ಗಂಟೆಯಲ್ಲಿ ಅವನು ಏನು ಮಾಡುತ್ತಾನೆ ಎಂಬುದನ್ನು ನೋಡದೆ ಯಾರೂ ಯಾರನ್ನೂ ಮದುವೆಯಾಗಬಾರದು. ಮೌನವಾಗಿ ಕೂರುತ್ತಾನೋ, ಊಟ ಬೇಡವೆನ್ನುತ್ತಾನೋ, ಗೆಳೆಯರ ಜೊತೆ ಫೋನಿನಲ್ಲಿ ಅಂಪೈರನ್ನು ಬೈಯುತ್ತಾನೋ, ಅದೆಲ್ಲ ಸರಿ. ದುಃಖ ದುಃಖವೇ, ಕಾರಣ ಸಣ್ಣದಾದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಆದರೆ ಆ ಸಿಟ್ಟು ಪಕ್ಕದಲ್ಲಿರುವವರ ಮೇಲೆ ತಿರುಗುತ್ತದೆಯೇ? "ನೀನು ಬಂದು ಕೂತೆ, ವಿಕೆಟ್ ಹೋಯಿತು" ಎಂಬುದು ನಗುತ್ತಾ ಹೇಳಿದ ಮಾತೋ, ಹಲ್ಲು ಕಚ್ಚಿ ಹೇಳಿದ ಮಾತೋ? ರಿಮೋಟು ಹಾರುತ್ತದೆಯೇ? ಬಾಗಿಲು ಬಡಿಯುತ್ತದೆಯೇ?

ಇದು ಅತಿರೇಕದ ಭಯವಲ್ಲ. ಡೇವಿಡ್ ಕಾರ್ಡ್ ಮತ್ತು ಗೋರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ಪೊಲೀಸ್ ದಾಖಲೆಗಳನ್ನು ಅಲ್ಲಿನ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ಜೊತೆ ಇಟ್ಟು ನೋಡಿದರು. ಗೆದ್ದೇ ಗೆಲ್ಲುತ್ತದೆ ಎಂದು ಎಲ್ಲರೂ ನಂಬಿದ್ದ ಊರಿನ ತಂಡ ಸೋತ ದಿನ, ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಗೆಳತಿಯ ಮೇಲೆ ಕೈಮಾಡಿದ ದೂರುಗಳು ಶೇಕಡ 10ರಷ್ಟು ಹೆಚ್ಚಿದ್ದವು. ಅದೂ ಪಂದ್ಯ ಮುಗಿಯುವ ಹೊತ್ತಿನ ಆಸುಪಾಸಿನಲ್ಲೇ. ಸೋಲುತ್ತದೆ ಎಂದು ಮೊದಲೇ ಗೊತ್ತಿದ್ದ ಪಂದ್ಯ ಸೋತಾಗ ಹಾಗೆ ಆಗಲಿಲ್ಲ. ಅಂದರೆ ಹೊಡೆತಕ್ಕೆ ಕಾರಣವಾದದ್ದು ಸೋಲಿಗಿಂತ ಹೆಚ್ಚಾಗಿ ನಿರೀಕ್ಷೆ ಮುರಿದದ್ದು. ಅಮೆರಿಕದ ಅಂಕಿಯನ್ನು ಹೈದರಾಬಾದಿಗೆ ಹಾಗೇ ತಂದು ಅಂಟಿಸಲಾಗದು. ಆದರೆ ನಿರೀಕ್ಷೆ ಮುರಿದಾಗ ಏನು ಮಾಡುತ್ತಾನೆ ಎಂಬುದು ಎಲ್ಲ ಊರಿನ ಪ್ರಶ್ನೆ. ಬಡ್ತಿ ತಪ್ಪುತ್ತದೆ, ಮನೆ ಸಾಲ ಸಿಗುವುದಿಲ್ಲ, ಮಗು ಬಯಸಿದಾಗ ಆಗುವುದಿಲ್ಲ. ಆಟದ ಸೋಲನ್ನೇ ತಾಳದವನು ಇವನ್ನೆಲ್ಲ ಹೇಗೆ ತಾಳುತ್ತಾನೆ? ತಿರುಗಿಸಿ ಹೇಳುವುದಾದರೆ, ವರ್ಷಾನುಗಟ್ಟಲೆ ಸೋತು ಸೋತು, ಮರುದಿನ ಬೆಳಿಗ್ಗೆ ನಕ್ಕು ಕೆಲಸಕ್ಕೆ ಹೋಗುವುದನ್ನು ಕಲಿತವನು ಒಳ್ಳೆಯ ಸಂಗಾತಿಯಾಗುವ ಅರ್ಧ ಪಾಠವನ್ನು ಆಗಲೇ ಕಲಿತಿದ್ದಾನೆ.

ಎರಡನೆಯ ಅಳತೆಗೋಲು ದುಡ್ಡು. ಅಭಿಮಾನಿಗೂ ಜೂಜುಕೋರನಿಗೂ ನಡುವಿನ ಗೆರೆ ಈಗ ಒಂದು ಮೊಬೈಲಿನಷ್ಟು ತೆಳ್ಳಗಾಗಿದೆ. ತೆಲಂಗಾಣ 2017ರಲ್ಲೇ ಹಣವಿಟ್ಟು ಆನ್‌ಲೈನಿನಲ್ಲಿ ಆಡುವುದನ್ನು ನಿಷೇಧಿಸಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ತಂದಿತು. ತಂಡ ಕಟ್ಟಿ ಹಣ ಗೆಲ್ಲುವ ಆ್ಯಪುಗಳು ಬಾಗಿಲು ಹಾಕಿದವು. ಆದರೆ ಕಾನೂನು ಬಂದ ಕೂಡಲೇ ಚಟ ಹೋಗುವುದಿಲ್ಲ. ಬುಕ್ಕಿಗಳು ಐಪಿಎಲ್‌ಗಿಂತ ಹಳಬರು. ಪ್ರೀತಿಸುವವರು ನಾಚಿಕೆಪಟ್ಟುಕೊಳ್ಳದೆ ಕೇಳಬೇಕಾದ ಪ್ರಶ್ನೆ ಇದು: ಪಂದ್ಯದ ಮೇಲೆ ಎಂದಾದರೂ ದುಡ್ಡು ಕಟ್ಟಿದ್ದೀಯಾ, ಈಗಲೂ ಕಟ್ಟುತ್ತೀಯಾ, ಎಷ್ಟು ಸಾಲವಿದೆ? ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಹೆಚ್ಚು ಹೇಳುತ್ತದೆ. ಟಿಕೆಟ್ಟಿಗೆ ತಿಂಗಳ ಸಂಬಳದಲ್ಲಿ ಇಷ್ಟು ಎಂದು ಎತ್ತಿಟ್ಟವನ ಹುಚ್ಚು ಹುಚ್ಚೇ, ಆದರೆ ಲೆಕ್ಕದ ಹುಚ್ಚು. ಸೋತ ದುಡ್ಡನ್ನು ಗೆದ್ದು ತರುತ್ತೇನೆ ಅನ್ನುವವನದು ಅಭಿಮಾನವಲ್ಲ. ಅವನಿಗೆ ಬೇಕಾದದ್ದು ಗೆಳತಿಯ ತಾಳ್ಮೆಯಲ್ಲ, ಚಿಕಿತ್ಸೆ.

ಇಷ್ಟು ಹೊತ್ತು ಮಾತೆಲ್ಲ ಅಭಿಮಾನಿ ಗಂಡು, ಕಾಯುವವಳು ಹೆಣ್ಣು ಎಂಬಂತೆ ನಡೆದಿದೆ. ಯಾವಾಗಲೂ ಹಾಗೇನೂ ಇಲ್ಲ. ಹೈದರಾಬಾದಿನ ಕ್ರಿಕೆಟ್ ಚರಿತ್ರೆಯಲ್ಲೇ ಇದಕ್ಕೊಂದು ಹಳೆಯ ಕಥೆಯಿದೆ. 1960ರ ಜನವರಿಯಲ್ಲಿ ಮುಂಬೈನ ಬ್ರೆಬೋರ್ನ್ ಮೈದಾನದಲ್ಲಿ ಆಸ್ಟ್ರೇಲಿಯಾ ವಿರುದ್ಧ ಹೈದರಾಬಾದಿನ ಅಬ್ಬಾಸ್ ಅಲಿ ಬೇಗ್ ಅರ್ಧಶತಕ ಹೊಡೆದಾಗ ತರುಣಿಯೊಬ್ಬಳು ಗ್ಯಾಲರಿಯಿಂದ ಓಡಿಬಂದು ಅವರ ಕೆನ್ನೆಗೆ ಮುತ್ತಿಟ್ಟಳು. ದೇಶವೆಲ್ಲ ಅದೇ ಮಾತು. ಶತಕ, ದ್ವಿಶತಕಗಳನ್ನು ಹೊಡೆದಿದ್ದ ತನ್ನ ಕಾಲದಲ್ಲಿ ಇಂಥವರೆಲ್ಲ ಎಲ್ಲಿದ್ದರೋ ಎಂದು ವಿಜಯ್ ಮರ್ಚೆಂಟ್ ಕಾಮೆಂಟರಿಯಲ್ಲಿ ತಮಾಷೆ ಮಾಡಿದ್ದೂ ಪ್ರಸಿದ್ಧ. ಆ ಹುಡುಗಿ ಆಟವನ್ನು ಎಷ್ಟು ಬಲ್ಲವಳಾಗಿದ್ದಳು ಎಂದು ಮಾತ್ರ ಯಾರೂ ಕೇಳಲಿಲ್ಲ. ಅರವತ್ತು ವರ್ಷ ದಾಟಿದರೂ ಆ ಪ್ರಶ್ನೆ ಅಲ್ಲೇ ನಿಂತಿದೆ. ಹುಡುಗ ಕ್ರಿಕೆಟ್ ಹುಚ್ಚನಾದರೆ ಅದು ಅಭಿಮಾನ. ಹುಡುಗಿಯಾದರೆ "ಯಾವ ಆಟಗಾರ ಚೆನ್ನಾಗಿದ್ದಾನೆ ಅಂತ ನೋಡೋಕೆ ಬರ್ತಾಳೆ". ಅವಳು ಜೆರ್ಸಿ ಹಾಕಿಕೊಂಡರೆ ಪರೀಕ್ಷೆ ಶುರು: ಗೂಗ್ಲಿ ಅಂದರೇನು ಹೇಳು, ಸಿಲ್ಲಿ ಪಾಯಿಂಟ್ ಎಲ್ಲಿ ತೋರಿಸು.

ಆರ್‌ಸಿಬಿಗೆ ಮೊದಲ ಕಪ್ಪು ತಂದುಕೊಟ್ಟವರು ಹೆಣ್ಣುಮಕ್ಕಳು ಎಂಬುದನ್ನು ಈ ಪರೀಕ್ಷಕರು ಮರೆಯಬಾರದು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂಧಾನಾ ನಾಯಕತ್ವದ ತಂಡ ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಿತು. ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದರು. ಆ ರಾತ್ರಿ ಅಭಿಮಾನಿ ಗಂಡಸು ಎಲ್ಲಿದ್ದ ಎಂದು ಕೇಳುವುದೂ ಒಂದು ಒಳ್ಳೆಯ ಪರೀಕ್ಷೆ. ಆ ಪಂದ್ಯವನ್ನೂ ಅಷ್ಟೇ ಉಸಿರು ಬಿಗಿಹಿಡಿದು ನೋಡಿದ್ದರೆ ಅವನದು ತಂಡದ ಪ್ರೀತಿ. ಮರುದಿನ ಸ್ಕೋರು ನೋಡಿ "ನಾವು ಗೆದ್ವಿ" ಅಂದಿದ್ದರೆ ಚಾಲ್ಡಿನಿಯವರನ್ನು ಇನ್ನೊಮ್ಮೆ ನೆನೆಯಬಹುದು.

ಇದಕ್ಕೆ ಅಂಟಿಕೊಂಡದ್ದೇ ಇನ್ನೊಂದು ಸಂಗತಿ. ಪಂದ್ಯ ನೋಡಲು ಐದು ಜನ ಗೆಳೆಯರು ಮನೆಗೆ ಬಂದರೆ ಚಹಾ ಇಡುವವರು ಯಾರು? ಬಿರಿಯಾನಿ ತರಿಸಿದರೂ ತಟ್ಟೆ ಎತ್ತುವವರು ಯಾರು? ರಂಜಾನ್ ತಿಂಗಳು ಐಪಿಎಲ್ ಜೊತೆಗೇ ಬಂದ ವರ್ಷಗಳಲ್ಲಿ ಇಡೀ ಹೈದರಾಬಾದು ಹಲೀಮ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ನಿಂತು ಡಬ್ಬಿ ತುಂಬಿಸಿ ತರುವವರು ಯಾರು, ಮನೆಯಲ್ಲಿ ಪವರ್‌ಪ್ಲೇ ನೋಡುವವರು ಯಾರು? ಒಬ್ಬರ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಅದನ್ನು ಹವ್ಯಾಸ ಎಂದು ಕರೆಯುವುದು ಸರಿಯಲ್ಲ. ಡೇಟಿಂಗಿನ ದಿನಗಳಲ್ಲಿ ಇದು ಸಣ್ಣದಾಗಿ ಕಾಣುತ್ತದೆ. ಹತ್ತು ವರ್ಷ ಕಳೆದ ಮೇಲೆ ಇದೇ ಮನೆಯ ವ್ಯವಸ್ಥೆಯಾಗಿರುತ್ತದೆ.

ಅಭಿಮಾನದ ಇನ್ನೊಂದು ತುದಿಯನ್ನೂ ನೋಡದೆ ಈ ಮಾತು ಮುಗಿಯದು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್ನಿಂದ ಸೋಲಿಸಿ ಕಪ್ಪು ಹಿಡಿಯಿತು. 2009ರಲ್ಲಿ ಹೈದರಾಬಾದಿಗೆ ಸೋತದ್ದೂ ಆರೇ ರನ್ನಿಂದ. ಹದಿನೆಂಟು ವರ್ಷದ ಅಳು ಒಂದೇ ಸಲ ಹೊರಬಿದ್ದ ರಾತ್ರಿ ಅದು. ಮರುದಿನ, ಜೂನ್ 4ರಂದು, ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಎಳೆಯರು. ತಮ್ಮವರನ್ನು ನೋಡಿ ಬರುತ್ತೇವೆಂದು ಹೇಳಿ ಹೊರಟವರು. ಜನರನ್ನು ಕರೆದವರು, ಬಾಗಿಲು ಕಾಯಬೇಕಾದವರು, ಸಂಖ್ಯೆ ಅಂದಾಜು ಮಾಡಬೇಕಾದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ಅಭಿಮಾನಿಗಳಲ್ಲ. ಪ್ರೀತಿಯಿಂದ ಹೋದವರನ್ನು ಬೈಯುವುದು ತಪ್ಪು.

ಆದರೆ ಅಂದು ಸಂಜೆ ಲಕ್ಷಾಂತರ ಮನೆಗಳಲ್ಲಿ ಯಾರೋ ಒಬ್ಬರು ಫೋನು ಹಿಡಿದು ಕೂತಿದ್ದರು. ಬೆಂಗಳೂರಿನಲ್ಲಿದ್ದ ಗೆಳೆಯನಿಗೆ ಹೈದರಾಬಾದಿನಿಂದ, ಮಗಳಿಗೆ ಹಾಸನದಿಂದ, ತಮ್ಮನಿಗೆ ದುಬೈಯಿಂದ ಕರೆಗಳು ಹೋದವು. ಅಭಿಮಾನಿಯನ್ನು ಪ್ರೀತಿಸುವುದೆಂದರೆ ಒಂದು ಮಟ್ಟಿಗೆ ಇದೇ: ಅವನು ಹೋದ ಜಾಗದಲ್ಲಿ ಏನಾಯಿತೋ ಎಂದು ಕಾಯುವುದು. "ತಲುಪಿದೆ", "ಹೊರಟೆ", "ಮನೆಗೆ ಬಂದೆ" ಎಂಬ ಮೂರು ಸಂದೇಶಗಳನ್ನು ಕೇಳುವುದು ಅಧಿಕಾರ ಚಲಾಯಿಸುವುದಲ್ಲ. ಕಳಿಸದಿರುವುದು ಸ್ವಾತಂತ್ರ್ಯವೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ನಟಿಸಬಾರದು. ಆಟ ಹಿಡಿಸಿದರೆ ನೋಡಬಹುದು, ಹಿಡಿಸದಿದ್ದರೆ ಹಿಡಿಸಿದಂತೆ ಎರಡು ತಿಂಗಳು ಕೂರಬಾರದು. ಮೊದಲ ವರ್ಷ ನಟಿಸಿದವರು ಮೂರನೆಯ ವರ್ಷ ಬೇಸತ್ತು "ನಿನಗಾಗಿ ಎಷ್ಟೆಲ್ಲ ಸಹಿಸಿದೆ" ಅನ್ನುತ್ತಾರೆ. ಎದುರಿನವನಿಗೆ ಅದು ಸಹನೆ ಎಂದು ಗೊತ್ತೇ ಇರುವುದಿಲ್ಲ. ಎರಡನೆಯದು, ಕ್ಯಾಲೆಂಡರ್. ಕ್ರೀಡಾಭಿಮಾನದಷ್ಟು ಪ್ರಾಮಾಣಿಕವಾದ ಹವ್ಯಾಸ ಇನ್ನೊಂದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂದು ಅದು ಮೊದಲೇ ಹೇಳಿಬಿಡುತ್ತದೆ. ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಅದರಲ್ಲಿ ಯಾವುದನ್ನು ಬಿಡಲಾರೆ, ಯಾವುದನ್ನು ಬಿಡಬಲ್ಲೆ ಎಂದು ಅವನು ಗುರುತು ಹಾಕಲಿ. ಅದೇ ಹಾಳೆಯಲ್ಲಿ ಅವಳೂ ತನ್ನ ದಿನಗಳನ್ನು ಗುರುತು ಹಾಕಲಿ: ಅಕ್ಕನ ಸೀಮಂತ, ಸಂದರ್ಶನದ ಹಿಂದಿನ ಸಂಜೆ, ಇಬ್ಬರೂ ಮೊದಲು ಭೇಟಿಯಾದ ದಿನ. ಎರಡೂ ಒಂದೇ ಚೌಕದಲ್ಲಿ ಬಿದ್ದ ದಿನ ಮಾತ್ರ ಮಾತುಕತೆ ಬೇಕು. ಬಹಳ ಸಲ ಜಗಳಕ್ಕೆ ಕಾರಣವಾಗುವುದು ಪಂದ್ಯವಲ್ಲ, ಪಂದ್ಯ ಇದೆಯೆಂದು ಏಳು ಗಂಟೆಗೆ ತಿಳಿಸುವುದು.

ಮೂರನೆಯದಕ್ಕೆ ಇದೇ ಎರಡು ಊರುಗಳ ಒಂದು ಉದಾಹರಣೆಯಿದೆ. 2000ನೇ ಇಸವಿಯಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಬೆಂಗಳೂರಿಗೆ ಬಂದು ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ವಿರುದ್ಧ 353 ಹೊಡೆದರು. ಮರುವರ್ಷ, 2001ರ ಮಾರ್ಚ್ 14ರಂದು, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಲಕ್ಷ್ಮಣ್ ಬೆಂಗಳೂರಿನ ರಾಹುಲ್ ದ್ರಾವಿಡ್ ಜೊತೆ ಇಡೀ ದಿನ ಔಟಾಗದೆ ಆಡಿದರು. ಫಾಲೋಆನ್ ಆದ ತಂಡ, ಎದುರಿಗೆ ಸತತ 16 ಟೆಸ್ಟ್ ಗೆದ್ದಿದ್ದ ಆಸ್ಟ್ರೇಲಿಯಾ. ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ಆ ಇನಿಂಗ್ಸನ್ನು ನೆನೆಯುವವರು ಹೊಡೆತಗಳನ್ನು ನೆನೆಯುತ್ತಾರೆ. ಆದರೆ ಚೆಂಡನ್ನು ಎದುರಿಸುತ್ತಿದ್ದವನು ಒಂದು ಹೊತ್ತಿನಲ್ಲಿ ಒಬ್ಬನೇ. ಇನ್ನೊಬ್ಬ ಎದುರು ತುದಿಯಲ್ಲಿ ಬ್ಯಾಟು ಹಿಡಿದು ನಿಂತಿದ್ದ. ಅವನು ಪ್ರೇಕ್ಷಕನಲ್ಲ. ಪ್ರತಿ ಚೆಂಡಿಗೂ ಎರಡು ಹೆಜ್ಜೆ ಮುಂದೆ ಬರುತ್ತಾನೆ, ಕರೆ ಬಂದರೆ ಓಡುತ್ತಾನೆ, ಬೇಡ ಅನಿಸಿದರೆ ಕೂಗಿ ಹಿಂದೆ ಕಳಿಸುತ್ತಾನೆ, ಓವರ್ ಮುಗಿದ ಮೇಲೆ ನಡುವೆ ಬಂದು ನಾಲ್ಕು ಮಾತಾಡುತ್ತಾನೆ.

ಅಭಿಮಾನಿಯ ಗೆಳತಿಯಿಂದ ಜನ ನಿರೀಕ್ಷಿಸುವುದು ಅವಳು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಲಿ ಎಂದು. ಅದರ ಅಗತ್ಯವಿಲ್ಲ. ಅವನ ಪಂದ್ಯದ ದಿನ ಅವಳು ಎದುರು ತುದಿಯಲ್ಲಿದ್ದರೆ ಸಾಕು: ಹೋಗಿ ಬಾ ಅನ್ನುವುದು, ಸೋತು ಬಂದರೆ ಹಂಗಿಸದಿರುವುದು. ಆದರೆ ಸ್ಟ್ರೈಕ್ ಬದಲಾಗಬೇಕು. ಅವಳ ಪುಣೆಯ ಪತ್ರ ಬಂದ ದಿನ ಅವಳು ಬ್ಯಾಟಿಂಗಿನಲ್ಲಿರುತ್ತಾಳೆ. ಆಗ ಎದುರು ತುದಿಯಲ್ಲಿ ಅವನಿರಬೇಕು. ಟಿಕೆಟ್ಟು ಕೈಯಲ್ಲಿದ್ದರೂ, ಮೆಟ್ರೋ ಅಮೀರ್‌ಪೇಟೆ ದಾಟಿದ್ದರೂ, "ಮ್ಯಾಚು ಇದೆ" ಅನ್ನುವ ಮೊದಲು "ಏನಾಯ್ತು?" ಅನ್ನಲು ಹತ್ತು ಸೆಕೆಂಡು ಸಾಕಿತ್ತು. ಅವಳು ಹೇಳುತ್ತಿದ್ದಳು. ಬಹುಶಃ "ಹೋಗಿ ಬಾ, ರಾತ್ರಿ ಮಾತಾಡೋಣು" ಎಂದೇ ಹೇಳುತ್ತಿದ್ದಳು. ಪಂದ್ಯ ತಪ್ಪುತ್ತಿರಲಿಲ್ಲ.

ಮರುದಿನ ಶುಕ್ರವಾರ. ಹುಡುಗನ ಗಂಟಲು ಕೂಗಿ ಕೂಗಿ ಒಡೆದಿದೆ. ಆಫೀಸಿನ ಕ್ಯಾಂಟೀನಿನಲ್ಲಿ ತೆಲುಗು ಗೆಳೆಯರನ್ನು ಕಿಚಾಯಿಸಿ ಮುಗಿಸಿದ ಮೇಲೆ ಅವನಿಗೆ ನೆನಪಾಗುತ್ತದೆ. ಫೋನು ಮಾಡುತ್ತಾನೆ.

"ನಿನ್ನೆ ಏನೋ ಮಾತಾಡ್ಬೇಕು ಅಂದಿದ್ದೆ ಅಲ್ವಾ?"

ಅವಳು ಒಂದು ಕ್ಷಣ ಸುಮ್ಮನಿರುತ್ತಾಳೆ. ಶನಿವಾರಕ್ಕೆ ಇನ್ನೂ ಒಂದು ದಿನ ಇದೆ. ಈ ಪ್ರಶ್ನೆ ಒಂದು ದಿನ ತಡವಾಗಿ ಬಂದಿದೆ, ಆದರೆ ಬಂದಿದೆ. ಇಂಥದ್ದು ಒಮ್ಮೆ ಆದರೆ ಮರೆವು. ಪ್ರತಿ ವರ್ಷ 14 ಸಲ ಆದರೆ ಸ್ವಭಾವ. ಯಾವುದು ಎಂದು ತೀರ್ಮಾನಿಸಬೇಕಾದವಳು ಅವಳು. ಅದಕ್ಕೆ ಅವಳು ಕ್ರಿಕೆಟ್ ಕಲಿಯಬೇಕಾಗಿಲ್ಲ.

"ಸಂಜಿಗೆ ಬಾ," ಅನ್ನುತ್ತಾಳೆ. "ಕೂತು ಮಾತಾಡೋದದ. ಫೋನ್ ಒಳಗ ಇಟ್ಟ್ ಬಾ."